ಬೂದಿಯಾದ ಅರಿಶಿನ, ನೀಲಿ ಹಾಕಿದ ಪಂಚೆ

ಎರಡು ಸಾವಿರದ ಐದನೆಯ ಇಸವಿಯ ನನ್ನ ಡೈರಿಯಲ್ಲಿ ಮೇ ಇಪ್ಪತ್ತೈದು, ಬುಧವಾರದ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ‘ಟೇಪು ಐದು. ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಕಂಡ ಕೂಡಲೇ ಅಗಿಯುವುದನ್ನು ನಿಲ್ಲಿಸಿದವರು ನೂರಹನ್ನೆರಡು ಜನ. ನಿಲ್ಲಿಸದವರು ಒಬ್ಬರು. ಪುರೋಹಿತರು.’

ಇದನ್ನೆಲ್ಲ ಎಣಿಸುವ ದರ್ದು ಏನಿತ್ತೆಂದರೆ, ಬೇರೆ ಕೆಲಸವಿರಲಿಲ್ಲ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಸರಿಯಾಗಿ ಒಂದು ಗಂಟೆ ಬೇಕಿತ್ತು. ಆ ಹೊತ್ತಿನಲ್ಲಿ ಮೌಸು ಮುಟ್ಟಿದರೆ ಕಂಪ್ಯೂಟರು ನಿಂತುಹೋಗುತ್ತಿತ್ತು. ಹಾಗಾಗಿ ಕೈಕಟ್ಟಿ ಕೂತು ಕಂಡವರ ಮದುವೆ ನೋಡಬೇಕು. ಸುಮ್ಮನೆ ನೋಡುವುದಕ್ಕಿಂತ ಎಣಿಸುತ್ತ ನೋಡುವುದು ವಾಸಿ.

ಸ್ಟುಡಿಯೋ ನನ್ನ ಸೋದರಮಾವನದು. ಹುಣಸೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟೂಲು, ಅದರ ಹಿಂದೆ ಜಲಪಾತ ಬರೆದ ಪರದೆ. ಒಳಗಿನ ಕೋಣೆಯಲ್ಲಿ ಕಂಪ್ಯೂಟರು. ಅದು ಬರುವ ಮುಂಚೆ ಮಾವ ಮದುವೆಗಳನ್ನು ಚಿತ್ರೀಕರಿಸಿಕೊಂಡು ಬಂದು, ಟೇಪುಗಳನ್ನು ಚೀಲಕ್ಕೆ ತುಂಬಿಕೊಂಡು ಮಿಕ್ಸಿಂಗಿಗೆಂದು ಮೈಸೂರಿಗೆ ಹೋಗುತ್ತಿದ್ದ. ಮಿಕ್ಸಿಂಗ್ ಎಂದರೆ ಟೇಪುಗಳಲ್ಲಿ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹಾಡು ಸೇರಿಸಿ, ಮದುಮಗಳನ್ನು ತಾವರೆ ಹೂವಿನೊಳಗೆ ಕೂರಿಸುವ ಕೆಲಸ. ಮೈಸೂರಿನ ಮಿಕ್ಸಿಂಗಿನವನು ಎಷ್ಟು ನಿಧಾನವೆಂದರೆ, ಒಂದು ಮದುವೆಯ ಸಿ.ಡಿ. ಕೈಗೆ ಬರುವಷ್ಟರಲ್ಲಿ ಆ ದಂಪತಿಗಳ ಮಗುವಿನ ನಾಮಕರಣಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಕೊನೆಗೆ ಮಾವ ಬೇಸತ್ತು ಕಂಪ್ಯೂಟರು ತಂದ. ನಾನು ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಮನೆತನದಲ್ಲಿ ಬೇರೆ ಯಾರೂ ಮುಗಿಸಿರಲಿಲ್ಲ. ಅಷ್ಟೇ ನನ್ನ ಯೋಗ್ಯತೆ.

ಮಾವ ಷರತ್ತು ಹಾಕಿದ. ‘ಈ ಒಂದು ಮದ್ವೆ ನೀನೇ ಪೂರ್ತಿ ಮಾಡು. ಆಷಾಢ ಕಳೆಯೋದ್ರೊಳಗೆ ಸಿ.ಡಿ. ಕೊಟ್ಟು, ಅವ್ರು ಒಪ್ಕಂಡ್ರೆ ಈ ಕುರ್ಚಿ ನಿಂದು. ಒಪ್ನಿಲ್ಲ ಅಂದ್ರೆ ಮೈಸೂರಿನೋನ್ನೇ ಕರ್ಕಬಂದು ಕೂರಿಸ್ತೀನಿ. ನೀನು ನಿಮ್ಮವ್ವನ ಜೊತೆ ಸೊಪ್ಪು ಕಟ್ಟೋಕೆ ಹೋಗು.’

ಕುರ್ಚಿಯ ವರ್ಣನೆಯೂ ಡೈರಿಯಲ್ಲಿದೆ: ಚಕ್ರ ನಾಲ್ಕು, ಇರಬೇಕಾದದ್ದು ಐದು, ಸೀಟಿನಿಂದ ಸ್ಪಂಜು ಮೂರು ಕಡೆ ಹೊರಬಂದಿದೆ. ಆದರೂ ಅದು ನನಗೆ ಬೇಕಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮಳೆಗಾಲದಿಂದ ಸಂಕ್ರಾಂತಿಯ ತನಕ ಒಂದೇ ಕೆಲಸ, ಹೊಗೆಸೊಪ್ಪು. ಹಸಿ ಎಲೆಗಳನ್ನು ಬ್ಯಾರನ್ನಿನಲ್ಲಿ, ಅಂದರೆ ಸೌದೆ ಉರಿಸಿ ಕಾಯಿಸುವ ಎತ್ತರದ ಗೂಡಿನಲ್ಲಿ, ಬೇಯಿಸಲು ಉದ್ದ ಕಡ್ಡಿಗಳಿಗೆ ದಾರದಿಂದ ಕಟ್ಟಬೇಕು. ಕೈಗೆ ಅಂಟುವ ಕರೀ ಜಿಗುಟನ್ನು ಯಾವ ಸೋಪೂ ತೆಗೆಯುವುದಿಲ್ಲ. ಅದೇ ಕೈಯಲ್ಲಿ ಊಟ ಮಾಡಿದರೆ ಮೊಸರನ್ನವೂ ಕಹಿ. ಹಿಂದಿನ ವರ್ಷ ನಾನು ಕಟ್ಟಿದ್ದ ಕಡ್ಡಿಗಳು ಎರಡು ಸಾವಿರದ ಮುನ್ನೂರ ನಲವತ್ತು. ಅದಕ್ಕೆ ಒಂದನ್ನೂ ಸೇರಿಸುವ ಮನಸ್ಸು ನನಗಿರಲಿಲ್ಲ.

ಆ ಮದುವೆಯ ಹುಡುಗಿಯ ಮನೆ ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯಲ್ಲಿ. ಗಂಡಿನವರು ಕೆ.ಆರ್. ನಗರದ ಕಡೆಯವರು, ಕಾವೇರಿ ನೀರಿನ ಗದ್ದೆಯವರು. ಗದ್ದೆಯವರಿಗೆ ಹೊಗೆಸೊಪ್ಪಿನವರ ಮೇಲೆ ಸ್ವಲ್ಪ ಕರುಣೆ. ಆ ಕರುಣೆಯನ್ನೆಲ್ಲ ಒಟ್ಟುಗೂಡಿಸಿ ಒಂದು ಸೀರೆ ಉಡಿಸಿದರೆ ಗಂಡಿನ ಸೋದರತ್ತೆ. ಮದುವೆಯ ಹಿಂದಿನ ದಿನ, ಅಂದರೆ ಚಪ್ಪರದ ದಿನ, ಹುಡುಗಿಗೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಕರೆದಿದ್ದರೂ ಅವರು ಬರಲಿಲ್ಲ. ಮಾರನೆಯ ದಿನ ಬಂದವರು ಮದುಮಗಳ ಮೊಣಕೈಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ‘ಇದೇನು, ಅರಿಶಿನ ಹಚ್ಚುದ್ರೋ, ಬರೀ ತೋರ್ಸಿ ಕಳಿಸುದ್ರೋ?’ ಎಂದರು. ಈ ಮಾತು ನಮ್ಮ ಎರಡನೇ ಟೇಪಿನಲ್ಲಿ ದಾಖಲಾಗಿದೆ, ಕಾಣುವುದು ಹೆಬ್ಬೆರಳು ಮಾತ್ರ. ಅದನ್ನು ಅವರು ಕೆ.ಆರ್. ನಗರಕ್ಕೆ ಹೋದ ಮೇಲೂ ಬಂದವರಿಗೆಲ್ಲ ಹೇಳುತ್ತಲೇ ಇದ್ದರಂತೆ.

ಹುಡುಗಿ ಆಷಾಢಕ್ಕೆ ತವರಿಗೆ ಬಂದಾಗ ಅವಳ ತಾಯಿ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ‘ನೋಡವ್ವಾ,’ ಎಂದರು ನನಗೆ, ‘ಶ್ರಾವಣದ ಮೊದಲನೇ ಭಾನುವಾರ ಅವ್ರು ಕರ್ಕಂಡು ಹೋಗಕ್ಕೆ ಬತ್ತಾರೆ. ಅವತ್ತು ಎಲ್ಲಾರೂ ಕೂತ್ಕಂಡು ವಿಡಿಯೋ ನೋಡೋದು ಅಂತ ಆಗದೆ. ಹೂವು, ತಾವರೆ ಏನಾರಾ ಹಾಕೊ. ಅರಿಶಿನ ಮಾತ್ರ ಚೆನ್ನಾಗಿ ಕಾಣ್ಬೇಕು. ಆ ಯಮ್ಮ ಬಾಯ್ಮುಚ್ಕಂಡು ನೋಡಂಗಿರ್ಬೇಕು.’

ಮಾವ ಬಾಗಿಲಲ್ಲೇ ನಿಂತು ‘ಅದೆಲ್ಲ ಕಂಪ್ಯೂಟರ್ ನೋಡ್ಕತದೆ ಬುಡಿ ಅಕ್ಕಾ’ ಎಂದ. ಶ್ರಾವಣದ ಮೊದಲ ಭಾನುವಾರ ಎಂದರೆ ಆಗಸ್ಟ್ ಏಳು. ನಾನು ಡೈರಿಯಲ್ಲಿ ಆ ತಾರೀಖಿಗೆ ಸುತ್ತು ಹಾಕಿಕೊಂಡೆ.

ತೊಂದರೆ ಇದ್ದದ್ದು ಚಪ್ಪರದಲ್ಲಿ. ಮೇ ತಿಂಗಳ ಮಳೆಗೆ ಹೆದರಿ ಅವರು ಹಸಿರು ಸೊಪ್ಪಿನ ಚಪ್ಪರದ ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರು. ಬಿಸಿಲು ಅದರೊಳಗಿನಿಂದ ಇಳಿದು ಬಂದು ಎಲ್ಲವನ್ನೂ ನೀಲಿ ಮಾಡಿತ್ತು. ಎದುರಿಗೆ ಕೂತವರಿಗೆ ಅದು ಗೊತ್ತಾಗಿರಲಿಲ್ಲ. ಟೇಪಿನಲ್ಲಿ ನೋಡಿದರೆ ಹಸೆಮಣೆಯ ಮೇಲೆ ಮದುಮಗಳು ಈಗಷ್ಟೇ ಕೆರೆಯಿಂದ ಎತ್ತಿದವಳ ಹಾಗೆ ಕೂತಿದ್ದಳು. ಅರಿಶಿನ ಹಚ್ಚುತ್ತಿದ್ದ ಐದು ಜನ ಮುತ್ತೈದೆಯರೂ ಅವಳನ್ನು ಎತ್ತಲು ನೀರಿಗಿಳಿದವರ ಹಾಗಿದ್ದರು.

ಆಗ ಸಿಕ್ಕಿದ್ದು ಆಟೋ ಕಲರ್ ಎಂಬ ಬಟನ್ನು. ಜುಲೈ ಒಂಬತ್ತು, ಶನಿವಾರ. ಒತ್ತಿದೆ. ಟಾರ್ಪಾಲಿನ ನೀಲಿ ಒಂದೇ ಕ್ಷಣದಲ್ಲಿ ಮಾಯವಾಯಿತು. ಸೊಪ್ಪು ಹಸಿರಾಯಿತು, ಹಲ್ಲು ಬೆಳ್ಳಗಾಯಿತು. ಮಾವನನ್ನು ಕೂಗಿ ಕರೆದೆ. ಅವನು ಬಂದು ನೋಡಿ, ‘ಮೈಸೂರಿನೋನು ಇದಕ್ಕೆ ಮೂರು ದಿನ ಅಂತಿದ್ದ. ಕಳ್ಳ’ ಎಂದ.

ಅಂದು ನಾನು ಬಟನ್ನು ಒತ್ತಿದ್ದು ಇನ್ನೂರ ಆರು ಸಲ. ಐದೂ ಟೇಪುಗಳ ಪ್ರತಿ ತುಣುಕಿಗೂ ಒತ್ತಿದೆ. ಚಪ್ಪರಕ್ಕೂ ಒತ್ತಿದೆ, ಊಟಕ್ಕೂ ಒತ್ತಿದೆ, ಬೀಳ್ಕೊಡುವಾಗ ಅತ್ತವರಿಗೂ ಒತ್ತಿದೆ. ಸರಿಯಾಗಿ ನೋಡಿದ್ದು ಮೊದಲ ಹತ್ತನ್ನು ಮಾತ್ರ.

ಮುಹೂರ್ತದ ದೃಶ್ಯ ಜೋಡಿಸುವಾಗ ಮೊದಲ ಅನುಮಾನ ಬಂತು. ಕೆಂಪು ಸೀರೆಯ ದಪ್ಪನೆಯ ಹೆಂಗಸೊಬ್ಬರು ಕ್ಯಾಮೆರಾದ ಮುಂದೆ ಹಾದುಹೋದರೆ ವೇದಿಕೆಯ ಮೇಲಿದ್ದವರೆಲ್ಲ ಹಸಿರಾಗುತ್ತಿದ್ದರು. ಅವರು ದಾಟಿದ ಮೇಲೆ ಮತ್ತೆ ಮನುಷ್ಯರಾಗುತ್ತಿದ್ದರು. ಆ ಹೆಂಗಸು ಒಟ್ಟು ಒಂಬತ್ತು ಸಲ ಹಾದುಹೋಗಿದ್ದರು. ಬಟನ್ನಿನ ಕೆಳಗಿದ್ದ ಸಣ್ಣ ಅಕ್ಷರಗಳನ್ನು ನಿಘಂಟು ಇಟ್ಟುಕೊಂಡು ಓದಿದಾಗ ಕಾರಣ ತಿಳಿಯಿತು. ವಿಡಿಯೋ ಎಂದರೆ ಸೆಕೆಂಡಿಗೆ ಇಪ್ಪತ್ತೈದು ಫೋಟೋ. ಕಂಪ್ಯೂಟರು ಒಂದೊಂದು ಫೋಟೋವನ್ನೂ ಹಿಂದುಮುಂದಿನದನ್ನು ನೋಡದೆ ಬೇರೆಬೇರೆಯಾಗಿ ತಿದ್ದುತ್ತಿತ್ತು. ಅಕ್ಕಪಕ್ಕದ ಕೆಲವು ಸೆಕೆಂಡುಗಳನ್ನೂ ಸೇರಿಸಿ ನೋಡು ಎಂದು ಹೇಳುವುದಕ್ಕೆ ಅಲ್ಲೇ ಒಂದು ಖಾನೆಯಿತ್ತು. ಐದು ಸೆಕೆಂಡು ಎಂದು ತುಂಬಿದೆ. ಆಮೇಲೆ ವೇದಿಕೆಯವರು ಒಮ್ಮೆಗೇ ಹಸಿರಾಗುವ ಬದಲು ನಿಧಾನವಾಗಿ, ಮರ್ಯಾದೆಯಿಂದ ಹಸಿರಾಗತೊಡಗಿದರು. ಇಷ್ಟು ಸಾಕು ಅಂದುಕೊಂಡೆ. ಇದಕ್ಕಿಂತ ಮುಖ್ಯವಾದ ಕೆಲಸಗಳಿದ್ದವು. ಗಂಡನ್ನು ಹಿಮದ ಬೆಟ್ಟದ ಮೇಲೆ ತೇಲಿಸಬೇಕಿತ್ತು, ಹೃದಯದ ಆಕಾರದ ಕಿಟಕಿಗಳನ್ನು ಹತ್ತೊಂಬತ್ತು ಕಡೆ ಕೂರಿಸಬೇಕಿತ್ತು.

ಜುಲೈ ಮೂವತ್ತೊಂದು, ಭಾನುವಾರ. ಗಂಡಿನವರು ಬರುವ ಮುಂಚೆ ತಾವೊಮ್ಮೆ ನೋಡಿಬಿಡುತ್ತೇವೆಂದು ಹುಡುಗಿಯ ಮನೆಯವರು ಕರೆದರು. ನಾನೂ ಮಾವನೂ ಸಿ.ಡಿ. ತೆಗೆದುಕೊಂಡು ಹೋದೆವು. ನಡುಮನೆಯಲ್ಲಿ ಹುಡುಗಿ, ಅವಳ ತಾಯಿ, ತಾಯಿಯ ತಮ್ಮ ಮತ್ತು ಅಜ್ಜಿ. ಅಜ್ಜಿಯನ್ನು ಟಿ.ವಿ.ಗೆ ಎಷ್ಟು ಹತ್ತಿರ ಕೂರಿಸಿದ್ದರೆಂದರೆ ಪರದೆಯ ಮೇಲೆ ಅವರ ಉಸಿರು ಕೂರುತ್ತಿತ್ತು.

ಚಪ್ಪರ ಬಂತು. ಹುಡುಗಿ ಹಸೆಮಣೆಯ ಮೇಲೆ ಕೂತಳು. ಮಾವನ ಕ್ಯಾಮೆರಾ ಅವಳ ಮುಖದ ಹತ್ತಿರ ಹೋಯಿತು. ಮುತ್ತೈದೆಯರ ಕೈಗಳು ಎರಡು ಕಡೆಯಿಂದ ಬಂದವು. ಪರದೆಯ ತುಂಬ ಕೆನ್ನೆ, ಕೈ, ಅರಿಶಿನ. ಆದರೆ ಅರಿಶಿನ ಅರಿಶಿನವಾಗಿರಲಿಲ್ಲ. ಒಲೆಯ ಬಾಯಿಂದ ಗೋರಿ ತಂದದ್ದನ್ನು ಬಳಿದಂತಿತ್ತು.

ಹುಡುಗಿಯ ಸೋದರಮಾವ ಎದ್ದು ಟಿ.ವಿ.ಯ ತಲೆಗೆ ಎರಡು ಏಟು ಕೊಟ್ಟ. ‘ಕಲರ್ ಕಮ್ಮಿ ಆಗದೆ ಇದ್ರುದು’ ಎಂದು ರಿಮೋಟು ಹಿಡಿದು ಬಣ್ಣವನ್ನು ಕೊನೆಯ ಗೆರೆಯವರೆಗೂ ಏರಿಸಿದ. ಮುತ್ತೈದೆಯರ ಸೀರೆಗಳು ಕಣ್ಣು ಕುಕ್ಕಿದವು. ಬೂದಿ ಮಾತ್ರ ಬೂದಿಯಾಗಿಯೇ ಉಳಿಯಿತು.

ಅಜ್ಜಿ ಹಿಂದಕ್ಕೆ ತಿರುಗಿ, ‘ಯಾಕ್ಲಾ, ನಮ್ ಕೂಸ್ಗೆ ಬೂದಿ ಬಳುದೀರಾ?’ ಎಂದರು ಮಾವನಿಗೆ.

‘ಕಂಪ್ಯೂಟರ್ ಮಾಡಿರೋದು ಅಜ್ಜಿ.’

‘ಅದ್ಕೇನು ಮುತ್ತೈದೆ ಯಾರು, ಜೋಗಿ ಯಾರು ಅಂತ ಗೊತ್ತಾಗಕಿಲ್ವಾ?’

ಹುಡುಗಿಯ ತಾಯಿ ನನ್ನನ್ನು ನೋಡಿದರು. ಬೈಯಲಿಲ್ಲ. ‘ಆ ಯಮ್ಮನ ಮುಂದೆ ಇದ ಹಾಕುದ್ರೆ ನನ್ ಮಗಳು ಅಲ್ಲಿ ಬಾಳದು ಯೆಂಗವ್ವ?’ ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬರುವಾಗ ಸ್ಕೂಟರಿನ ಮೇಲೆ ಮಾವ ಹುಣಸೂರು ಬರುವ ತನಕ ಮಾತಾಡಲಿಲ್ಲ. ಇಳಿದ ಮೇಲೆ ಅಂದ: ‘ಶನಿವಾರ ಸಂಜೆ ಗಂಟ ಟೈಮು. ಆಮೇಲೆ ಮೈಸೂರಿನೋನಿಗೆ ಫೋನು.’ ಆರು ದಿನ. ದಿನಕ್ಕೆ ಎರಡೂವರೆ ಗಂಟೆ ಕರೆಂಟು ಇಲ್ಲದ್ದನ್ನು ಕಳೆದುಕೊಳ್ಳಬೇಕು.

ಮಂಗಳವಾರ ಟೊಮ್ಯಾಟೊ ತಂದೆ. ಬಟನ್ನು ನಿಜವಾಗಿ ಏನು ಮಾಡುತ್ತದೆಂದು ತಿಳಿಯದೆ ಮತ್ತೊಮ್ಮೆ ಒತ್ತುವ ಧೈರ್ಯವಿರಲಿಲ್ಲ. ಜಲಪಾತದ ಪರದೆಯ ಮುಂದೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದು ಟೊಮ್ಯಾಟೊ ಇಟ್ಟು, ಮಾವನ ಕೈಲಿ ಚಿತ್ರ ಹಿಡಿಸಿದೆ. ಆಮೇಲೆ ಐದು, ಹತ್ತು, ಇಪ್ಪತ್ತು. ಕೊನೆಗೆ ಎರಡು ಕೆ.ಜಿ. ಸುರಿದು ಹಾಳೆಯೇ ಕಾಣದ ಹಾಗೆ ಮಾಡಿದೆ. ಪ್ರತಿಯೊಂದಕ್ಕೂ ಆಟೋ ಕಲರ್ ಒತ್ತಿದೆ. ಒಂದು ಟೊಮ್ಯಾಟೊ ಕೆಂಪಗೇ ಉಳಿಯಿತು. ಹತ್ತಕ್ಕೆ ಸ್ವಲ್ಪ ಸೊರಗಿತು. ಎರಡು ಕೆ.ಜಿ. ಟೊಮ್ಯಾಟೊ ಮಾತ್ರ ತೊಳೆಯದ ಆಲೂಗಡ್ಡೆಯಾಗಿಬಿಟ್ಟಿತು.

‘ಮುಗೀತಾ ನಿನ್ ಸಂತೆ?’ ಎಂದ ಮಾವ. ಮುಗಿದಿತ್ತು.

ಚಿತ್ರದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಬಟನ್ನು ಒತ್ತಿದ ಕೂಡಲೇ ಕಂಪ್ಯೂಟರು ಮೊದಲು ಎಲ್ಲಕ್ಕಿಂತ ಹೊಳೆಯುವ ಚುಕ್ಕೆಯನ್ನು ಹುಡುಕಿ ಅದನ್ನು ಬಿಳಿ ಮಾಡುತ್ತದೆ, ಎಲ್ಲಕ್ಕಿಂತ ಮಬ್ಬಾದದ್ದನ್ನು ಕಪ್ಪು ಮಾಡುತ್ತದೆ. ನಡುವಿನವುಗಳ ಬಗ್ಗೆ ಅದಕ್ಕೊಂದು ನಂಬಿಕೆಯಿದೆ: ಚಿತ್ರದಲ್ಲಿರುವ ಬಣ್ಣಗಳನ್ನೆಲ್ಲ ಕಲೆಸಿದರೆ ಬೂದು ಬಣ್ಣ ಬರಬೇಕು. ಬರಲಿಲ್ಲವೆಂದರೆ ಬೆಳಕು ಕೆಟ್ಟಿದೆ ಎಂದು ತಿಳಿದು, ಯಾವುದು ಹೆಚ್ಚಾಗಿದೆಯೋ ಅದನ್ನು ಇಳಿಸಿ, ಯಾವುದು ಕಡಿಮೆಯಿದೆಯೋ ಅದನ್ನು ಏರಿಸುತ್ತದೆ. ಇಡೀ ಚಪ್ಪರವನ್ನು ತೋರಿಸಿದಾಗ ನಿಜಕ್ಕೂ ಬೆಳಕೇ ಕೆಟ್ಟಿತ್ತು, ಟಾರ್ಪಾಲಿನ ನೀಲಿ ಹೋಯಿತು, ಸರಿಹೋಯಿತು. ಮಾವ ಹತ್ತಿರ ಹೋಗಿ ಪರದೆಯ ತುಂಬ ಅರಿಶಿನವನ್ನೇ ಹಿಡಿದಾಗ, ಇಲ್ಲಿ ಹಳದಿ ಅತಿಯಾಯಿತು ಎಂದುಕೊಂಡು ಅಷ್ಟೇ ಪ್ರಮಾಣದ ನೀಲಿಯನ್ನು ಅರಿಶಿನಕ್ಕೆ ಬೆರೆಸಿತು. ಬೆಳಕು ಹಳದಿಯೋ, ವಸ್ತುವೇ ಹಳದಿಯೋ ಎಂದು ಅದಕ್ಕೆ ತಿಳಿಯದು. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ.

ಆ ಟೊಮ್ಯಾಟೊದಲ್ಲಿ ನಾಲ್ಕು ದಿನ ಗೊಜ್ಜು ತಿಂದೆವು.

ಕಾರಣ ಸಿಕ್ಕಿತು, ಉಪಾಯ ಸಿಗಲಿಲ್ಲ. ಬಟನ್ನು ತೆಗೆದರೆ ನೀಲಿ, ಹಾಕಿದರೆ ಬೂದಿ. ಬುಧವಾರ ಮಧ್ಯಾಹ್ನ ಕರೆಂಟು ಹೋದಾಗ ಮನೆಗೆ ಹೋದೆ. ಅವ್ವ ಜಗಲಿಯಲ್ಲಿ ಕೂತು ಮೊದಲ ಕೊಯ್ಲಿನ ಸೊಪ್ಪನ್ನು ಗ್ರೇಡಿಂಗ್ ಮಾಡುತ್ತಿದ್ದಳು. ಬೆಂದ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ. ನಿಂಬೆ ಹಳದಿಯದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಹಸಿರು ಉಳಿದದ್ದು, ಕಂದು ತಿರುಗಿದ್ದು ಬೇರೆ. ನಮ್ಮ ಬೀದಿಯಲ್ಲಿ ಯಾರ ಸೊಪ್ಪಿನ ಬಗ್ಗೆ ತಕರಾರಿದ್ದರೂ ಅವ್ವನ ಹತ್ತಿರ ತರುತ್ತಿದ್ದರು. ಅವಳ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಮಳೆ ಹನಿಯುತ್ತಿದ್ದುದರಿಂದ ಜಗಲಿಗೂ ಒಂದು ಹಳದಿ ಟಾರ್ಪಾಲು ಕಟ್ಟಿದ್ದರು. ಅದರ ಕೆಳಗೆ ನನ್ನ ಕಣ್ಣಿಗೆ ಎಲ್ಲ ಸೊಪ್ಪೂ ಒಂದೇ ಸಮನೆ ಚಿನ್ನ. ಅವ್ವ ಮಾತ್ರ ಒಂದಾದ ಮೇಲೊಂದು ಎಲೆಯನ್ನು ತೊಡೆಯ ಮೇಲೆ ಹಾಸಿದ್ದ ಬಿಳಿ ಟವಲ್ಲಿನ ಮೇಲಿಟ್ಟು, ನೋಡಿ, ತಕ್ಕ ರಾಶಿಗೆ ಎಸೆಯುತ್ತಿದ್ದಳು. ಆ ಟವಲ್ಲನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೀರೆಗೆ ಕೊಳೆ ಹತ್ತದಿರಲಿ ಎಂದು ಹಾಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

‘ಅವ್ವಾ, ಈ ಹಳದಿ ಬೆಳಕಲ್ಲಿ ಹಸಿರು ಸೊಪ್ಪು ನಿನಗೆ ಯೆಂಗೆ ಕಾಣ್ತದೆ?’

‘ಕಾಣಕಿಲ್ಲ ಕಣೆ. ಕಣ್ಣು ಮೋಸ ಮಾಡ್ತದೆ. ಸೊಪ್ಪುನ್ನೇ ನೋಡ್ತಾ ಕೂತ್ರೆ ಒಂದ್ಗಂಟೆ ಹೊತ್ಗೆ ಎಲ್ಲಾ ಒಂದೇ ತರ ಆಯ್ತದೆ.’

‘ಮತ್ತೆ?’

‘ಟವಲ್ ನೋಡ್ತೀನಿ. ಟವಲ್ ಬಿಳೀದು ಅಂತ ನಂಗೊತ್ತು. ಅದೀಗ ಹಳದಿಯಾಗಿ ಕಾಣ್ತಾ ಅದೆ ಅಂದ್ರೆ ಬೆಳಕೇ ಹಳದಿ. ಅಷ್ಟು ಹಳದೀನ ಸೊಪ್ಪಿಂದ ಮನಸ್ನಲ್ಲೇ ಕಳ್ಕಂಡ್ರಾಯ್ತು.’ ಒಂದು ಎಲೆಯನ್ನು ಹಸಿರು ರಾಶಿಗೆ ಎಸೆದು, ‘ಇದ್ನೇನು ಕಂಪ್ಯೂಟರ್ ಕ್ಲಾಸಲ್ಲಿ ಯೋಳ್ಕೊಡ್ನಿಲ್ವಾ?’ ಎಂದಳು.

ಹೇಳಿಕೊಟ್ಟಿರಲಿಲ್ಲ. ಆಟೋ ಕಲರ್ ರಾಶಿಯಲ್ಲಿರುವ ಎಲೆಗಳನ್ನೆಲ್ಲ ಕೇಳಿ ತೀರ್ಮಾನಿಸುತ್ತಿತ್ತು. ಅವ್ವ ಟವಲ್ಲೊಂದನ್ನೇ ಕೇಳುತ್ತಿದ್ದಳು. ಕರೆಂಟು ಬಂದ ಕೂಡಲೇ ಸ್ಟುಡಿಯೋಗೆ ಓಡಿದೆ.

ಆ ಸಾಫ್ಟ್‌ವೇರಿನಲ್ಲಿ ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನ ಚಿತ್ರವಿದ್ದ ಇನ್ನೊಂದು ಬಟನ್ನಿತ್ತು. ಅದನ್ನು ಹಿಡಿದು ಚಿತ್ರದಲ್ಲಿ ಬಿಳಿಯಾಗಿರಬೇಕಾದ ಒಂದು ಜಾಗವನ್ನು ಒತ್ತಿದರೆ, ಅದು ಬಿಳಿಯಾಗುವಷ್ಟು ಇಡೀ ಚಿತ್ರವನ್ನು ತಿದ್ದುತ್ತದೆ. ಆ ತಿದ್ದುಪಡಿಯನ್ನು ಅದೇ ಬೆಳಕಿನಲ್ಲಿ ಹಿಡಿದ ಉಳಿದ ತುಣುಕುಗಳಿಗೂ ನಕಲು ಮಾಡಬಹುದು. ಹತ್ತಿರದಿಂದ ಹಿಡಿದದ್ದರಲ್ಲಿ ಬಿಳಿ ಇಲ್ಲದಿದ್ದರೂ ಪರವಾಗಿಲ್ಲ, ದೂರದಿಂದ ಹಿಡಿದದ್ದರಲ್ಲಿ ಸಿಕ್ಕರೆ ಸಾಕು. ಚಪ್ಪರದ ದಿನದ ಟೇಪಿನಲ್ಲಿ ಬಿಳಿ ಹುಡುಕಿದೆ. ಅಜ್ಜಿಯ ಕೂದಲು: ಪೂರ್ತಿ ಬಿಳಿಯಲ್ಲ. ಸುಣ್ಣ ಬಳಿದ ಗೋಡೆ: ಪಾಚಿ. ಕೊನೆಗೆ ಹುಡುಗಿಯ ಸೋದರಮಾವನ ಪಂಚೆ ಸಿಕ್ಕಿತು. ಗರಿಗರಿ ಇಸ್ತ್ರಿ, ಹೊಚ್ಚ ಬಿಳಿ. ಮನುಷ್ಯ ಹಸೆಮಣೆಯ ಪಕ್ಕದಲ್ಲೇ ಹನ್ನೊಂದು ನಿಮಿಷ ಕಂಬದ ಹಾಗೆ ನಿಂತಿದ್ದ. ಮಂಡಿಯ ಹತ್ತಿರ ಒತ್ತಿದೆ.

ಅರಿಶಿನ ಬಂತು. ಬಂತು ಎಂದರೆ ಸಾಲದು, ಉಕ್ಕಿತು.

ಗುರುವಾರವಿಡೀ ಚಪ್ಪರದ ಮೂವತ್ತೆಂಟು ತುಣುಕುಗಳಿಗೆ ಆ ತಿದ್ದುಪಡಿಯನ್ನು ಹಚ್ಚಿದೆ. ಹಸಿರಾಗುತ್ತಿದ್ದ ಮುಹೂರ್ತದಿಂದ ಬಟನ್ನನ್ನು ತೆಗೆದುಹಾಕಿದೆ. ಶುಕ್ರವಾರ ಆಷಾಢದ ಅಮಾವಾಸ್ಯೆ, ಸೊಪ್ಪಿನ ಕೆಲಸಕ್ಕೆ ರಜೆ. ಅವ್ವ ಮೊದಲ ಸಲ ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ನಾನು ಹೆಮ್ಮೆಯಿಂದ ತೋರಿಸಿದೆ. ಅವಳು ಗ್ರೇಡಿಂಗಿಗೆ ಕೂತಾಗಿನ ಮುಖ ಮಾಡಿಕೊಂಡು ಪರದೆಯನ್ನು ನೋಡಿದಳು.

‘ಯಾವ್ದುನ್ನ ಬಿಳಿ ಅಂತ ಹಿಡ್ಕಂಡೆ?’

‘ಆ ಪಂಚೆ.’

‘ಒಗ್ದೋರು ಯಾರು?’

‘ನಂಗೇನು ಗೊತ್ತು?’

‘ಮದ್ವೆಗೆ ಅಂತ ಒಗ್ದು, ಗಂಜಿ ಹಾಕಿ, ಬೆಳ್ಳಗೆ ಕಾಣ್ಲಿ ಅಂತ ನೀಲಿ ಸುರ್ದವ್ರೆ ಕಣೆ. ನೆರಿಗೆ ಒಳ್ಗೆ ನೋಡು, ಯೆಂಗೆ ಕಟ್ಕಂಡದೆ. ಅದು ಬಿಳೀ ಪಂಚೆ ಅಲ್ಲ, ನೀಲಿ ಪಂಚೆ. ನನ್ ಟವಲ್ಗೆ ನಾನು ಯಾವತ್ತಾರಾ ನೀಲಿ ಹಾಕಿದ್ದು ನೋಡಿದ್ಯಾ?’

ನೋಡಿರಲಿಲ್ಲ. ಕೊಳಕು ಟವಲ್ಲೆಂದು ಎರಡು ಸಲ ನಾನೇ ಬೈದಿದ್ದೆ. ಪಂಚೆಯಲ್ಲಿದ್ದ ನೀಲಿಯೂ ಟಾರ್ಪಾಲಿನದೇ ಎಂದು ತಿಳಿದ ಕಂಪ್ಯೂಟರು ಅದನ್ನೂ ಸೇರಿಸಿ ಕಳೆದಿತ್ತು. ಹಾಗೆ ಕಳೆದಷ್ಟೂ ಹಳದಿ ಹೆಚ್ಚಾಗಿತ್ತು. ಪಕ್ಕದ ದಿನಸಿ ಅಂಗಡಿಯಿಂದ ಅರಿಶಿನದ ಕೊಂಬು ತಂದು ಅರ್ಧಕ್ಕೆ ಮುರಿದು ಪರದೆಯ ಪಕ್ಕ ಹಿಡಿದು ನೋಡಿದೆ. ಕೈಯಲ್ಲಿದ್ದದ್ದೇ ಸಪ್ಪೆ.

ತಿದ್ದುಪಡಿಯನ್ನು ಮುಕ್ಕಾಲಿಗೆ ಇಳಿಸುವ ಖಾನೆಯೂ ಅಲ್ಲೇ ಇತ್ತು. ಆದರೆ ಮತ್ತೆ ಎಲ್ಲ ತುಣುಕುಗಳನ್ನೂ ಕಂಪ್ಯೂಟರಿನಲ್ಲಿ ಬೇಯಿಸಿ, ಅಂದರೆ ಒಂದೇ ಚಿತ್ರವಾಗಿ ಹೊಸೆದು, ಸಿ.ಡಿ.ಗೆ ಇಳಿಸಲು ಹನ್ನೊಂದು ಗಂಟೆ ಬೇಕು. ಶನಿವಾರ ಸಂಜೆಯೊಳಗೆ ಅದಕ್ಕೂ ಸಮಯವಿತ್ತು. ಇಲ್ಲವೆಂದು ಡೈರಿಯಲ್ಲಿ ಬರೆದುಕೊಂಡಿಲ್ಲ. ‘ಅರಿಶಿನ ಚೆನ್ನಾಗಿ ಕಾಣ್ಬೇಕು’ ಎಂದು ಹುಡುಗಿಯ ತಾಯಿ ಹೇಳಿದ್ದರು, ನಿಜವಾಗಿ ಕಾಣಬೇಕು ಎಂದು ಹೇಳಿರಲಿಲ್ಲ. ಖಾನೆಯನ್ನು ಮುಟ್ಟಲಿಲ್ಲ.

ಅವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ನಿನ್ ಸೊಪ್ಪು, ನಿನ್ ಗ್ರೇಡು’ ಎಂದಳು.

ಆಗಸ್ಟ್ ಏಳು, ಭಾನುವಾರ. ಗಂಡಿನವರು ವ್ಯಾನು ಮಾಡಿಕೊಂಡು ಒಂಬತ್ತು ಜನ ಬಂದರು. ಗಂಡು ಒಬ್ಬ ಸಾಕಿತ್ತು. ಸೋದರತ್ತೆ ಟಿ.ವಿ.ಯ ನೇರಕ್ಕೆ ಗೋಡೆಗೊರಗಿ ಕೂತರು. ನಾನು ಸಿ.ಡಿ. ಹಾಕುವಾಗ ನೆನಪಿಗೆ ಬಂದದ್ದು ಒಂದೇ: ಹಿಂದಿನ ಭಾನುವಾರ ಹುಡುಗಿಯ ಸೋದರಮಾವ ಕೊನೆಯ ಗೆರೆಯವರೆಗೂ ಏರಿಸಿದ್ದ ಟಿ.ವಿ.ಯ ಬಣ್ಣ. ಅದನ್ನು ಯಾರೂ ಇಳಿಸಿರಲಿಲ್ಲ. ರಿಮೋಟು ಸೋದರತ್ತೆಯ ತೊಡೆಯ ಮೇಲಿತ್ತು.

ಚಪ್ಪರ ಬಂತು. ನಡುಮನೆಯ ಗೋಡೆಗಳ ಮೇಲೂ ಹಳದಿ ಬಿತ್ತು. ಮುತ್ತೈದೆಯರು ಕೈ ಅದ್ದಿ ಅದ್ದಿ ಹಚ್ಚುತ್ತಿದ್ದರೆ ಆ ಬಟ್ಟಲು ಬರಿದಾಗುವ ಲಕ್ಷಣವೇ ಇರಲಿಲ್ಲ. ಹುಡುಗಿಯ ಹಲ್ಲೂ ತುಸು ಹಳದಿಯಾಗಿತ್ತು. ಪರದೆಯ ಮೂಲೆಯಲ್ಲಿ, ಗಂಡನಿಲ್ಲದವರು ಮುಟ್ಟಬಾರದೆಂದು ದೂರ ನಿಂತಿದ್ದ ಅಜ್ಜಿಯ ತಲೆ ಚಿನ್ನದ ಬಣ್ಣಕ್ಕೆ ತಿರುಗಿತ್ತು.

ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. ‘ನಾನೇನೂ ಮುಟ್ನಿಲ್ಲ ಕಣ್ರಪ್ಪ,’ ಎಂದರು ಎಲ್ಲರಿಗೂ ಕೇಳುವಂತೆ. ಆಮೇಲೆ ಮೆಲ್ಲಗೆ ತಲೆ ಸವರಿಕೊಂಡರು.

ಸೋದರತ್ತೆ ಮುಂದಕ್ಕೆ ಬಾಗಿದರು. ‘ಇಷ್ಟು ಹಚ್ಚಿದ್ರಾ? ಮತ್ತೆ ಮದ್ವೆ ದಿನ ನಾನು ತಿಕ್ಕಿ ನೋಡ್ದಾಗ ಯಾಕೆ ಕಾಣ್ನಿಲ್ಲ?’

ಮಾವ ಚಾವಣಿಯನ್ನು ನೋಡಿದ. ನಾನು ನೆಲ ನೋಡಿದೆ. ಕುರ್ಚಿಯ ನಾಲ್ಕೂ ಚಕ್ರಗಳು ಮೈಸೂರಿನ ಕಡೆಗೆ ಉರುಳುತ್ತಿರುವ ಹಾಗೆ ಅನ್ನಿಸಿತು.

ಅಜ್ಜಿ ತಿರುಗದೆಯೇ ಹೇಳಿದರು: ‘ಅರಿಶಿನ ನೋಡ್ಬೇಕಂದ್ರೆ ಚಪ್ಪರದ ದಿನ ಬರ್ಬೇಕಾಯ್ತದೆ ಕಣವ್ವ. ಸ್ನಾನ ಆದ್ಮೇಲೆ ಬಂದು ತಿಕ್ಕುದ್ರೆ ಏನು ಸಿಕ್ತದೆ?’

‘ಬಸ್ಸು ಸಿಕ್ನಿಲ್ಲ ಅಜ್ಜಿ ಅವತ್ತು.’

‘ಊಟದ ದಿನ ಸಿಕ್ತಲ್ಲ.’

ಗಂಡಿನ ಕಡೆಯವರೇ ಮೊದಲು ನಕ್ಕರು. ಮುಹೂರ್ತ, ಊಟ, ಹಿಮದ ಬೆಟ್ಟ, ಹತ್ತೊಂಬತ್ತು ಹೃದಯ, ಎಲ್ಲವನ್ನೂ ಸೋದರತ್ತೆ ಬಾಯಿ ಮುಚ್ಚಿಕೊಂಡು ನೋಡಿದರು. ಮುಹೂರ್ತದಲ್ಲಿ ಒಂಬತ್ತು ಸಲ ಕ್ಯಾಮೆರಾಗೆ ಅಡ್ಡ ಬಂದ ಕೆಂಪು ಸೀರೆ ಅವರದೇ ಎಂದು ನನಗೆ ಆಗ ತಿಳಿಯಿತು. ಎಲ್ಲ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

‘ನೀನೇನವ್ವ ಮಾಡಿದ್ದು?’

ಹೌದೆಂದೆ.

‘ಮಾರ್ಗಶಿರಕ್ಕೆ ನನ್ ಮಗಳ ಮದ್ವೆ ಅದೆ. ನಿಮ್ಮೋರೇ ಬನ್ನಿ. ಬೇರೆ ಯೆಂಗಾರಾ ಇರ್ಲಿ, ಅರಿಶಿನ ಇದೇ ತರ ಬರ್ಬೇಕು. ಇದುಕ್ಕಿಂತ ಒಸಿ ಕಮ್ಮಿ ಆದ್ರೂ ನಾನು ಒಪ್ಪಕಿಲ್ಲ. ಈ ಮನೆಯೋರ ಮುಂದೆ ಕಮ್ಮಿ ಆಗ್ಬಾರ್ದು.’

ಸ್ಕೂಟರಿನ ಮೇಲೆ ಮಾವ ಹುಣಸೂರಿನ ತನಕ ಮಾತಾಡುತ್ತಲೇ ಬಂದ. ಸ್ಟುಡಿಯೋದ ಬಾಗಿಲು ತೆಗೆದು ಕುರ್ಚಿಯನ್ನು ನನ್ನ ಕಡೆ ತಳ್ಳಿದ. ಮೂರು ಚಕ್ರ ಬಂದವು, ನಾಲ್ಕನೆಯದು ದಾರಿಯಲ್ಲಿ ಕಳಚಿಕೊಂಡಿತು. ಸರಿಪಡಿಸುವ ಜವಾಬ್ದಾರಿಯೂ ನನಗೇ ಬಂತು.

ಇನ್ನು ಉಳಿದದ್ದು ಮಾರ್ಗಶಿರ. ಒಂದು ತಪ್ಪನ್ನು ಒಮ್ಮೆ ಮಾಡುವುದು ಸುಲಭ, ಅಷ್ಟೇ ಪ್ರಮಾಣದಲ್ಲಿ ಎರಡನೇ ಸಲ ಮಾಡಲು ಲೆಕ್ಕ ಬೇಕು. ಹುಡುಗಿಯ ಸೋದರಮಾವನ ಮನೆಗೆ ಹೋಗಿ, ಆ ಪಂಚೆಗೆ ಎಷ್ಟು ನೀಲಿ ಹಾಕಿದ್ದಿರಿ ಎಂದು ಅವರ ಹೆಂಡತಿಯನ್ನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ‘ಒಂದು ಬಕೆಟ್ಗೆ ಎರಡು ಮುಚ್ಚಳ’ ಎಂದರು. ಬರೆದುಕೊಂಡೆ. ಮದುವೆಗೆ ಒಯ್ಯುವ ಸಾಮಾನಿನ ಪಟ್ಟಿಯಲ್ಲಿ ಟೇಪು ಆರು, ಬ್ಯಾಟರಿ ಮೂರು, ವಿಡಿಯೋ ಲೈಟು ಎರಡು ಎಂಬವುಗಳ ಕೆಳಗೆ ಹೀಗಿದೆ: ‘ಪಂಚೆ ಒಂದು, ಹೊಸದು. ನೀಲಿ: ಎರಡು ಮುಚ್ಚಳ.’

ಕೆ.ಆರ್. ನಗರದ ಆ ಚಪ್ಪರದಲ್ಲಿ ಶಾಸ್ತ್ರ ಶುರುವಾಗುವ ಮುಂಚೆ ಮಾವ ಕ್ಯಾಮೆರಾ ಹಿಡಿದು ನಿಂತ. ನಾನು ಮಡಿಕೆ ಬಿಚ್ಚಿ ಪಂಚೆಯನ್ನು ಹಸೆಮಣೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಐದು ಸೆಕೆಂಡು ಹಿಡಿದರೆ ಸಾಕಿತ್ತು. ಅಷ್ಟರಲ್ಲಿ ಮುತ್ತೈದೆಯರಲ್ಲಿ ಹಿರಿಯರಾದವರೊಬ್ಬರು ‘ತಡಿಯವ್ವ ಒಸಿ’ ಎಂದು ಎದ್ದು ಬಂದರು. ಹೊಸ ಬಟ್ಟೆಯನ್ನು ಶುಭಕಾರ್ಯದಲ್ಲಿ ಹಾಗೆಯೇ ಬಿಚ್ಚಬಾರದಲ್ಲ. ಬಟ್ಟಲಿಗೆ ಬೆರಳದ್ದಿ, ಪಂಚೆಯ ನಾಲ್ಕೂ ಮೂಲೆಗಳಿಗೆ ಶ್ರದ್ಧೆಯಿಂದ ಅರಿಶಿನ ಹಚ್ಚಿ, ಕೈ ಮುಗಿದು, ‘ಈಗ ತೋರ್ಸು’ ಎಂದರು.

ತೋರಿಸಿದೆ. ಸ್ಟುಡಿಯೋಗೆ ಬಂದ ಮೇಲೆ ಡ್ರಾಪರು ಹಿಡಿದು, ಪಂಚೆಯ ಮೂಲೆಗಳನ್ನು ಬಿಟ್ಟು ನಡುವೆ ಒತ್ತಿದೆ.